ದೇವರ ಪಾಲಿನ ಕೋಳಿ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಪಾಲು ತೆಗೆದಿಡುತ್ತಿದ್ದುದು ದೇವರಿಗೆ. ಎಸರು ಕುದಿಯತೊಡಗಿದ ಕೂಡಲೇ ಅವ್ವ ಮೊರದಿಂದ ಒಂದು ಹಿಡಿ ರಾಗಿ ಹಿಟ್ಟು ತೆಗೆದು ಒಲೆಯ ಮಗ್ಗುಲಿನ ತಗಡಿನ ಡಬ್ಬಿಗೆ ಹಾಕುತ್ತಿದ್ದಳು. ಆಮೇಲೆಯೇ ನಮ್ಮ ಮುದ್ದೆಯ ಹಿಟ್ಟು ಮಡಕೆಗೆ ಬೀಳಬೇಕು. ಹಿಟ್ಟು ಧಾರಾಳವಾಗಿದ್ದ ದಿನ ಅವಳ ಹಿಡಿ ಎಷ್ಟು ದೊಡ್ಡದೋ, ಗುಡಾಣದ ತಳ ಕಂಡ ದಿನವೂ ಅಷ್ಟೇ ದೊಡ್ಡದು. ನಾನು ಅದನ್ನು ಕಣ್ಣಿಟ್ಟು ನೋಡುತ್ತಿದ್ದೆ. ಅವಳ ಹಿಡಿ ಸಣ್ಣದಾದರೆ ನನ್ನ ಮುದ್ದೆ ಸ್ವಲ್ಪ ದೊಡ್ಡದಾದೀತು ಎಂಬ ಆಸೆ ನನ್ನದು. ಒಂದು ದಿನವೂ ಆಗಲಿಲ್ಲ. ಭಾನುವಾರ ಆ ಹಿಟ್ಟು ಚರ್ಚಿಗೆ ಹೋಗುತ್ತಿತ್ತು. ಆರಾಧನೆ ಮುಗಿದ ಮೇಲೆ ಹೊಂಗೆ ಮರದ ಕೆಳಗೆ ನಮ್ಮ ಉಪದೇಶಿಗಳು ಕಾಣಿಕೆಗೆ ಬಂದದ್ದನ್ನೆಲ್ಲ ಸಾಲಾಗಿ ಇಟ್ಟು ಹರಾಜು ಕೂಗುತ್ತಿದ್ದರು: ಹಿಟ್ಟು, ಕುಂಬಳಕಾಯಿ, ಸೇರುಗಟ್ಟಲೆ ಕಡಲೆಕಾಯಿ, ಮೊಟ್ಟೆ. ಉಪದೇಶಿಗಳೆಂದರೆ ನಮ್ಮ ಪುಟ್ಟ ಸಭೆಗೆ ಪಾಠ ಹೇಳಿ, ಪ್ರಾರ್ಥನೆ ನಡೆಸಿ, ಜಗಳ ಬಿಡಿಸಿ, ಎಲ್ಲರ ಕಾಗದ ಬರೆದುಕೊಡುತ್ತಿದ್ದ ಹಿರಿಯರು. ದೇವರ ವಸ್ತುವಿಗೆ ಬರೀ ಸಂತೆಯ ಬೆಲೆ ಕೂಗುವುದು ಮರ್ಯಾದೆಯಲ್ಲವೆಂದು ಎಲ್ಲರೂ ಒಂದಿಷ್ಟು ಏರಿಸಿಯೇ ಕೂಗುತ್ತಿದ್ದರು. ಇದ್ದದ್ದು ಹದಿನೈದಿಪ್ಪತ್ತು ಮನೆ, ಎಲ್ಲರೂ ಕೂಲಿನಾಲಿಯವರು. ಆದರೂ ಆ ಮರದ ಕೆಳಗೆ ಯಾರೂ ಚೌಕಾಸಿ ಮಾಡಿದ್ದನ್ನು ನಾನು ಕಾಣೆ.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ ನಮ್ಮೂರು. ಮನೆಯೆಂದರೆ ಒಂದೇ ಉದ್ದನೆಯ ಕೋಣೆ, ಅದರ ಕೊನೆಗೆ ಮೋಟುಗೋಡೆಯ ಆಚೆ ಅಡಿಗೆ ಮೂಲೆ, ಮುಂದೆ ಮೂವರು ಕೂರುವಷ್ಟು ಜಗಲಿ. ಅಪ್ಪ ಗಾರೆ ಕೆಲಸದವನು. ಕೊರಟಗೆರೆಯಿಂದ ಶಿರಾದವರೆಗೆ ಸಾಹುಕಾರರ ಗೋಡೆಗಳನ್ನು ನೊಣ ಕೂತರೆ ಜಾರುವಷ್ಟು ನುಣುಪು ಮಾಡಿ ಬರುತ್ತಿದ್ದ. ನಮ್ಮ ಮನೆಯಲ್ಲಿ ಮಾತ್ರ ಗಾರೆ ಕಂಡದ್ದು ಒಂದೂವರೆ ಗೋಡೆ. ಅದಕ್ಕೂ ಒಂದು ಕಥೆ ಇದೆ. ಒಂದು ಸಲ ಅಪ್ಪ ಕೆಲಸದ ಮನೆಯಲ್ಲಿ ಮಿಕ್ಕ ಗಾರೆಯನ್ನು ಬುಟ್ಟಿಯಲ್ಲಿ ತಂದು ಹುರುಪಿನಿಂದ ಮೆತ್ತತೊಡಗಿದ್ದ. ಒಂದು ಗೋಡೆ ಮುಗಿದು ಎರಡನೆಯದು ಅರ್ಧಕ್ಕೆ ಬಂದಾಗ ಅವ್ವ ಬಂದು, ಇದನ್ನು ಮನೆಯ ಯಜಮಾನರು ಕೊಟ್ಟರೋ ನೀನೇ ತಂದೆಯೋ ಎಂದು ಕೇಳಿದಳು. ಅಪ್ಪ ಕರಣೆ ತೊಳೆದಿಟ್ಟ. ಮುಂದೆ ನಮ್ಮ ಮನೆಗೆ ಬಂದವರೆಲ್ಲ ಆ ಅರ್ಧ ಗೋಡೆ ನೋಡಿ, ಗಾರೆಯವನ ಮನೆಗೇ ಗಾರೆ ಇಲ್ಲವೆಂದು ನಗುತ್ತಿದ್ದರು. ನಾನು ಚಿಕ್ಕವಳಿದ್ದಾಗ ನಾಚುತ್ತಿದ್ದೆ. ಈಗ ನನ್ನ ಮನೆಗೆ ಬಂದವರಿಗೆ ಕೇಳದಿದ್ದರೂ ಆ ಗೋಡೆಯ ಕಥೆ ಹೇಳುತ್ತೇನೆ, ಅವರಿಗೆ ಬೇಸರವಾದರೂ ಬಿಡುವುದಿಲ್ಲ.

ಕೋಳಿಗಳಲ್ಲೂ ದೇವರಿಗೆ ಪಾಲಿತ್ತು. ಕಾವು ಕೂತ ಕೋಳಿಯ ಕೆಳಗೆ ಮೊದಲು ಮೊಟ್ಟೆ ಒಡೆದು ಬಂದ ಮರಿ ದೇವರದು. ಅವ್ವ ಅದರ ಎಡಗಾಲಿನ ಒಂದು ಉಗುರಿನ ತುದಿ ಕತ್ತರಿಸಿ ಗುರುತು ಮಾಡುತ್ತಿದ್ದಳು. ಅದು ಹೆಂಟೆಯಾದರೆ ಅದರ ಮೊಟ್ಟೆಯೆಲ್ಲ ಹರಾಜಿಗೆ, ಹುಂಜವಾದರೆ ಹುಂಜವೇ ಹರಾಜಿಗೆ. ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಕೋಳಿಗಳು ಕೇರಿಯ ತಿಪ್ಪೆಯನ್ನೆಲ್ಲ ಕೆದಕಿ, ಅವರಿವರ ಅಂಗಳದಲ್ಲಿ ಒಣಗಲು ಹರವಿದ ಕಾಳು ತಿಂದು ಬರುತ್ತಿದ್ದವು. ದೇವರ ಕೋಳಿ ಪರರ ಕಾಳು ತಿನ್ನಬಾರದು ಎಂದು ಅವ್ವ ಅದನ್ನು ಕಾಲಿಗೆ ದಾರ ಕಟ್ಟಿ ಅಡಿಗೆ ಮೂಲೆಯಲ್ಲೇ ಸಾಕುತ್ತಿದ್ದಳು. ಹೆಂಟೆಯಾದರೆ ಹುಂಜ ಮಾತ್ರ ಆಗಾಗ ಒಳಗೆ ನುಗ್ಗಿ ಅದನ್ನು ಕಂಡುಹೋಗುತ್ತಿತ್ತು. ದೇವರ ಹೆಸರಿನಲ್ಲಿ ಹುಟ್ಟಿದ ತಪ್ಪಿಗೆ ಜೈಲು ಎಂದು ಅಪ್ಪ ಹಾಸ್ಯ ಮಾಡುತ್ತಿದ್ದ. ಊಟಕ್ಕೆ ಕೂತಾಗ ಅವ್ವನ ಪ್ರಾರ್ಥನೆ ಉದ್ದವಾಗುತ್ತಾ ಹೋದಂತೆ, ಅಪ್ಪ ಒಂದು ಕಣ್ಣು ತೆರೆದು, ಆರುತ್ತಿದ್ದ ಮುದ್ದೆಯ ಕಡೆಗೆ ಬೆರಳು ತೋರಿಸಿ ನನ್ನನ್ನು ನಗಿಸುತ್ತಿದ್ದ. ಅವನಿಗೆ ದೇವರ ಮೇಲೆ ನಂಬಿಕೆ ಇರಲಿಲ್ಲವೆಂದಲ್ಲ. ದೇವರು ಅವ್ವನಷ್ಟು ಲೆಕ್ಕ ಇಡುವವನಲ್ಲ ಎಂಬುದು ಅವನ ನಂಬಿಕೆ.

ನಾನು ಊರಿನ ಶಾಲೆಯಲ್ಲಿದ್ದ ಕೊನೆಯ ತರಗತಿಯನ್ನು ಮುಗಿಸುವ ವರ್ಷ ಉಪದೇಶಿಗಳು ಒಂದು ಸಂಜೆ ಜಗಲಿಗೆ ಬಂದು ಕೂತು, ತುಮಕೂರಿನ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಸುಗುಣನಿಗೆ ಜಾಗ ಸಿಗುವಂತಿದೆ ಎಂದರು. ಸುಗುಣ ನಾನೇ. ಜೂನ್‌ನಲ್ಲಿ ಸೇರಬೇಕು, ಸೇರುವಾಗ ಇಷ್ಟು ಹಣ ಕಟ್ಟಬೇಕು, ಒಂದು ತಗಡಿನ ಪೆಟ್ಟಿಗೆ, ಎರಡು ಜೊತೆ ಬಟ್ಟೆ, ತಟ್ಟೆ, ಲೋಟ ಬೇಕು. ನಮ್ಮ ಕೇರಿಯಿಂದ ಹುಡುಗಿಯೊಬ್ಬಳು ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದು ಅದುವರೆಗೆ ಇರಲಿಲ್ಲ. ಆಗ ಮನೆಯಲ್ಲಿ ಹನ್ನೆರಡು ಕೋಳಿ. ದೇವರದೊಂದು ಬಿಟ್ಟರೆ ಹನ್ನೊಂದು ನಮ್ಮವು. ಹನ್ನೊಂದನ್ನೂ ಮಾರಿದರೆ ಬೋರ್ಡಿಂಗಿನ ಹಣ ಆಗುತ್ತದೆ, ಪೆಟ್ಟಿಗೆಯನ್ನು ಅಪ್ಪನ ಕೂಲಿಯಲ್ಲಿ ತರುವುದು ಎಂದು ಅವತ್ತೇ ತೀರ್ಮಾನವಾಯಿತು. ನಾನು ಕೋಳಿಗಳ ಹಿಂದೆ ತಿರುಗಿ ಪ್ರತಿಯೊಂದನ್ನೂ ಎತ್ತಿ ತೂಕ ನೋಡತೊಡಗಿದೆ. ಕಪ್ಪು ಹುಂಜವನ್ನು ನೋಡಿದರೆ ಸಾಕು, ತುಮಕೂರು ಕಾಣುತ್ತಿತ್ತು.

ನಮ್ಮ ಕೋಳಿ, ಮೊಟ್ಟೆ ಕೊಳ್ಳುತ್ತಿದ್ದವರು ಬಾಷಾ ಸಾಬರು. ಶಿರಾದವರು, ವಾರಕ್ಕೊಮ್ಮೆ ಸೈಕಲ್ಲಿನ ಹಿಂದೆ ಎರಡು ದೊಡ್ಡ ಬುಟ್ಟಿ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದರು. ಫಾಲ್ಗುಣದ ಬಿಸಿಲಿನಲ್ಲಿ ಒಂದು ದಿನ ಬಂದವರು ಹನ್ನೊಂದನ್ನೂ ಇವತ್ತೇ ಕೊಟ್ಟುಬಿಡಮ್ಮ ಎಂದರು. ಪಾವಗಡದ ಕಡೆ ಕೋಳಿಗಳಿಗೆ ರೋಗ ಬಿದ್ದಿದೆಯಂತೆ, ಗಾಳಿ ಬಂದ ಹಾಗೆ ಬರುತ್ತದಂತೆ. ಅಪ್ಪನೂ ಕೊಟ್ಟುಬಿಡು ಎಂದ. ಅವ್ವ ಒಪ್ಪಲಿಲ್ಲ. ಇನ್ನು ಹದಿನೈದು ದಿನಕ್ಕೆ ಯುಗಾದಿ. ಯುಗಾದಿಯ ಮಾರನೆಯ ದಿನ ವರ್ಷದ ತೊಡಕು, ಅವತ್ತು ನಮ್ಮ ಸೀಮೆಯಲ್ಲಿ ಬಾಡಿನ ಸಾರು ಮಾಡದ ಮನೆಯೇ ಇಲ್ಲ, ಕೋಳಿಯ ಬೆಲೆ ಕೇಳಿದವರ ಕಣ್ಣು ಮೇಲಕ್ಕೆ ಹೋಗುತ್ತದೆ. ಅವ್ವ ಆ ಬೆಲೆಯ ಮಾತು ಎತ್ತಲಿಲ್ಲ. ಅವಳು ಆಡಿದ್ದು ಬೇರೆ ಮಾತು.

“ರೋಗ ಗೀಗ ಎಲ್ಲಾ ಅವನ ಕೈಲೈತೆ ಬುಡಿ ಸಾಬ್ರೆ. ಅವ್ನೇ ಕೊಟ್ಟಿರೋದು, ಅವ್ನೇ ನೋಡ್ಕತಾನೆ.”

ಸಾಬರು ವಾದ ಮಾಡಲಿಲ್ಲ. ದೇವರ ಹೆಸರು ಹೇಳಿದ ಮೇಲೆ ವ್ಯಾಪಾರಿ ಏನು ಮಾತಾಡಿಯಾನು, ಸೈಕಲ್ಲು ತಳ್ಳಿಕೊಂಡು ಹೋದರು. ಎಂಟನೆಯ ದಿನ ಬೆಳಿಗ್ಗೆ ಒಂದು ಹೆಂಟೆ ರೆಕ್ಕೆ ಇಳಿಬಿಟ್ಟು, ಕುತ್ತಿಗೆ ತಿರುಚಿಕೊಂಡು ಜಗಲಿಯ ಮೂಲೆಯಲ್ಲಿ ಕೂತಿತ್ತು. ಅವತ್ತೇ ಸಾಬರು ಬರುವ ದಿನ. ಮಿಕ್ಕ ಹತ್ತು ಚೆನ್ನಾಗಿಯೇ ಓಡಾಡುತ್ತಿದ್ದವು. ಸಾಬರು ಬಂದ ಕೂಡಲೇ ಹತ್ತನ್ನೂ ಬುಟ್ಟಿಗೆ ಹಾಕಿ ಕಳಿಸಿಬಿಡು ಎಂದು ಅಪ್ಪ ಪಿಸುಗುಟ್ಟಿ ಕೆಲಸಕ್ಕೆ ಹೋದ. ಸಾಬರು ಸೈಕಲ್ಲು ನಿಲ್ಲಿಸುವ ಮೊದಲೇ ಅವ್ವ ಎದುರು ಹೋಗಿ, ನಮ್ಮ ಮನೆಗೆ ರೋಗ ಬಂದಿದೆ, ಬುಟ್ಟಿಯನ್ನು ಈ ಕಡೆ ತರಬೇಡಿ, ನಿಮ್ಮ ಕೋಳಿಗಳಿಗೂ ತಗಲೀತು ಎಂದಳು. ಹಿಂದೆ ನಿಂತಿದ್ದ ನನಗೆ ಅವಳ ಬಾಯಿ ಮುಚ್ಚಬೇಕೆನ್ನಿಸಿತು. ನಾಲ್ಕು ದಿನದಲ್ಲಿ ಹನ್ನೊಂದೂ ಹೋದವು, ಕೊನೆಗೆ ಹೋದದ್ದು ಕಪ್ಪು ಹುಂಜ. ಅವು ಸಾಯುವ ಮೊದಲೇ ಅಪ್ಪ ಎರಡನ್ನು ಕುಯ್ದು ಸಾರು ಮಾಡಿಸಿದ. ಅಷ್ಟು ಬಾಡು ನಮ್ಮ ಮನೆಯಲ್ಲಿ ಯಾವ ಹಬ್ಬದಲ್ಲೂ ಬೆಂದಿರಲಿಲ್ಲ. ನಾನು ಅಳುತ್ತಲೇ ತಿಂದೆ, ಎರಡನೆಯ ಸಲ ಹಾಕಿಸಿಕೊಂಡೂ ತಿಂದೆ. ಅವ್ವ ಮುಟ್ಟಲಿಲ್ಲ. ಅವಳ ತವರು ಪಾವಗಡದ ಆಚೆ, ನಿಡುಗಲ್ ಕಡೆ. ದುಃಖ ಮಿತಿ ಮೀರಿದಾಗ ಅವಳ ಪ್ರಾರ್ಥನೆ ತೆಲುಗಿಗೆ ತಿರುಗುತ್ತಿತ್ತು. ಅವತ್ತು ಗಾರೆ ಮೆತ್ತಿದ ಗೋಡೆಗೆ ಹಣೆ ಕೊಟ್ಟು, “ನನ್ನು ಕ್ಷಮಿಂಚು ಪ್ರಭುವಾ” ಎಂದು ಕ್ಷಮೆ ಕೇಳುತ್ತಲೇ ಇದ್ದಳು. ಕೋಳಿ ಕಳೆದುಕೊಂಡವಳು ತಾನೇ ಯಾಕೆ ಕ್ಷಮೆ ಕೇಳಬೇಕು ಎಂದು ನನಗೆ ಸಿಟ್ಟು ಬಂದಿತ್ತು.

ದೇವರ ಕೋಳಿ ಮಾತ್ರ ಅಡಿಗೆ ಮೂಲೆಯಲ್ಲಿ ಗಟ್ಟಿಮುಟ್ಟಾಗಿ ಕೂತಿತ್ತು. ಕೇರಿಯಲ್ಲಿ ಒಂದು ಕೋಳಿಯೂ ಉಳಿದಿರಲಿಲ್ಲವಾದ್ದರಿಂದ ಅದನ್ನು ನೋಡಲು ಹೆಂಗಸರು ಬರತೊಡಗಿದರು. ಅದ್ಭುತ ಎಂದರು, ಸಭೆಯ ಮುಂದೆ ಸಾಕ್ಷಿ ಹೇಳಬೇಕು ಎಂದರು, ಒಬ್ಬಳು ಹಾಡು ಶುರು ಮಾಡಿದಳು. ಅವ್ವನಿಗೆ ರೇಗಿತು. ಕಟ್ಟಿ ಹಾಕಿದ್ದೆ, ತಿಪ್ಪೆಗೆ ಹೋಗಲಿಲ್ಲ, ಬದುಕಿತು. ಮಿಕ್ಕವನ್ನೂ ಕಟ್ಟಿದ್ದರೆ ಅವೂ ಬದುಕುತ್ತಿದ್ದವು, ಸುಮ್ಮನೆ ಮನೆಗೆ ಹೋಗಿ ಎಂದು ಎಲ್ಲರನ್ನೂ ಕಳಿಸಿದಳು. ನಮ್ಮವ್ವನಷ್ಟು ದೇವರನ್ನು ನಂಬಿದವರನ್ನೂ ಕಾಣೆ, ಅವಳಷ್ಟು ಸುಲಭವಾಗಿ ಅದ್ಭುತವನ್ನು ಬಾಗಿಲಿನಿಂದ ಆಚೆ ಅಟ್ಟಿದವರನ್ನೂ ಕಾಣೆ. ಜನ ಹೋದ ಮೇಲೆ ಅಪ್ಪ ಅಡಿಗೆ ಮೂಲೆಗೆ ಬಂದು ಕೋಳಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಎಲ್ಲ ಕಡೆ ಕೋಳಿ ಸತ್ತಿದ್ದವು, ಇದ್ದ ಒಂದಕ್ಕೆ ಈಗ ಚಿನ್ನದ ಬೆಲೆ. ಅದು ಇಡುವ ಮೊಟ್ಟೆಗೂ ಅಷ್ಟೇ.

“ಹನ್ನೆರಡರಲ್ಲಿ ಹನ್ನೊಂದು ತಗಂಡ್ಬುಟ್ಟ ಕಣೆ. ಅವನ ಪಾಲು ಅವನಿಗೆ ಮುಟ್ತು. ಉಳಿದಿರೋದು ನಮ್ದು. ಮಗೀಗೆ ಬೇಕು ಅಂತ್ಲೇ ಉಳಿಸವ್ನೆ ಅಂದ್ಕೊ.”

“ಸತ್ತಿದ್ದು ನಮ್ಮವು ಸುಗುಣನಪ್ಪಾ. ಬದುಕಿರೋದು ಅವನ್ದು. ಸತ್ತವನ್ನ ಅವನಿಗೆ ಕೊಟ್ಟು ಬದುಕಿರೋದನ್ನ ನಾವಿಟ್ಕಂಡ್ರೆ, ನಾಳೆ ಹೆಂಗೆ ಮಂಡಿ ಊರಲಿ ನಾನು?”

ಅಪ್ಪ ಎದ್ದು ಬೀಡಿ ಹಚ್ಚಿಕೊಂಡು ಹೊರಗೆ ಹೋದ. ನಾನು ಪೂರ್ತಿ ಅಪ್ಪನ ಪಕ್ಷ. ಮೂರು ದಿನ ಅವ್ವನ ಜೊತೆ ಮಾತಾಡಲಿಲ್ಲ. ಅವಳಾದರೋ ಬಿತ್ತನೆಗೆ ಕಡಲೆಕಾಯಿ ಸುಲಿಯುವ ಕೂಲಿಗೆ ಹೋಗತೊಡಗಿದಳು. ಸುಲಿದ ಬೀಜಕ್ಕೆ ಸೇರಿನ ಲೆಕ್ಕದಲ್ಲಿ ದುಡ್ಡು, ಸಂಜೆಗೆ ಹೆಬ್ಬೆರಳಿನ ಚರ್ಮ ಕಿತ್ತಿರುತ್ತಿತ್ತು. ಅವಳಿಲ್ಲದ ಒಂದು ಮಧ್ಯಾಹ್ನ ಬಾಷಾ ಸಾಬರ ಸೈಕಲ್ಲಿನ ಗಂಟೆ ಕೇಳಿತು. ನಾನು ಅಡಿಗೆ ಮೂಲೆಗೆ ಓಡಿ, ಭಾನುವಾರಕ್ಕೆಂದು ಹೊಟ್ಟಿನಲ್ಲಿ ಇಟ್ಟಿದ್ದ ಮೊಟ್ಟೆಗಳಲ್ಲಿ ಎರಡನ್ನು ಎತ್ತಿಕೊಂಡು ಬೀದಿಗೆ ಬಂದೆ. ನನ್ನ ಬೋರ್ಡಿಂಗಿಗೆ ನಾನೇ ಹಣ ಕೂಡಿಸುತ್ತೇನೆ ಎಂಬ ಛಲ. ಎರಡು ಮೊಟ್ಟೆಯಿಂದ ಎಷ್ಟು ಕೂಡೀತು ಎಂದು ಯೋಚಿಸುವ ತಾಳ್ಮೆ ಎಲ್ಲಿಂದ ಬರಬೇಕು? ಸಾಬರು ಮೊಟ್ಟೆಗಳನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಬೇಟಿ, ನಿಮ್ಮನೇಲಿ ಈಗ ಇರೋದು ಒಂದೇ ಕೋಳಿ ಅಲ್ವಾ? ಇದು ನನ್ಗೆ ಬೇಡಮ್ಮ. ಎಲ್ಲಿತ್ತೋ ಅಲ್ಲೇ ಇಟ್ಬಿಡು.”

ನನ್ನ ಮುಖ ಹೇಗಾಗಿತ್ತೋ, ಅವರು ಬೈಯಲಿಲ್ಲ. ಸುತ್ತಲ ಐದಾರು ಊರಿನಲ್ಲಿ ಮೊಟ್ಟೆ ಸಿಗದೆ ಅವರ ಬುಟ್ಟಿ ಖಾಲಿಯಿತ್ತು, ಎರಡು ಮೊಟ್ಟೆಯೆಂದರೆ ಅವರಿಗೂ ಅವತ್ತಿನ ವ್ಯಾಪಾರವೇ. ಆದರೂ ಮುಟ್ಟಲಿಲ್ಲ. ಹೋಗುವಾಗ ಅವ್ವನಿಗೆ ಒಂದು ವಿಷಯ ಹೇಳು ಎಂದರು: ಹುಂಜ ಸತ್ತ ಮೇಲೂ ಎಂಟು ಹತ್ತು ದಿನ ಹೆಂಟೆ ಇಡುವ ಮೊಟ್ಟೆಯಲ್ಲಿ ಜೀವ ಇರುತ್ತದೆ, ಕಾವು ಕೂರಿಸಿದರೆ ಮರಿಯಾಗುತ್ತದೆ, ಅದಾದ ಮೇಲಿನದು ಬರೀ ತಿನ್ನುವುದಕ್ಕೆ. ನಾನು ಮೊಟ್ಟೆಗಳನ್ನು ಹೊಟ್ಟಿನಲ್ಲಿ ಇಟ್ಟೆ. ಸಂಜೆ ಅವ್ವ ಬಂದಾಗ ಮೂರು ದಿನದ ಮೌನ ಮುರಿದು ಸಾಬರ ಮಾತು ಹೇಳಿದೆ, ಕದ್ದದ್ದನ್ನೂ ಹೇಳಿದೆ. ನಾನು ಕದ್ದ ವಿಷಯವನ್ನು ಅವ್ವ ಕೇಳಿಸಿಕೊಂಡಂತೆಯೇ ತೋರಿಸಲಿಲ್ಲ. ಮೊಟ್ಟೆ ಎಷ್ಟಿವೆ ಎಂದಳು. ಆರು ಇದ್ದವು. ಭಾನುವಾರಕ್ಕೆ ಎರಡೇ ದಿನ.

ಆ ಆರನ್ನೂ ಅಲ್ಲೇ ಕಾವು ಕೂರಿಸಬಹುದಿತ್ತು, ಯಾರು ನೋಡುತ್ತಿದ್ದರು? ಅವ್ವ ಅವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಚರ್ಚಿಗೆ ಹೊರಟಳು. ಸೆರಗಿನ ಗಂಟಿನಲ್ಲಿ ಕಡಲೆಕಾಯಿ ಸುಲಿದ ಕೂಲಿ. ದೇವರಿಗೆ ಕೊಟ್ಟು, ಹರಾಜಿನಲ್ಲಿ ಎಲ್ಲರಂತೆ ಕೂಗಿ ಕೊಂಡರೆ ಅದು ನಮ್ಮದಾಗುತ್ತದೆ ಎಂಬುದು ಅವಳ ದಾರಿ. ಹೊಂಗೆ ಮರದ ಕೆಳಗೆ ಅವತ್ತು ಕುಂಬಳಕಾಯಿಯನ್ನು ಕೇಳುವವರಿಲ್ಲ, ಎಲ್ಲರ ಕಣ್ಣೂ ಮೊಟ್ಟೆಯ ಮೇಲೆ. ಪ್ರತಿ ಮನೆಯ ಕೋಳಿ ಗೂಡೂ ಖಾಲಿಯಲ್ಲವೇ? ಮೊದಲನೆಯದನ್ನು ಉಪದೇಶಿಗಳ ಹೆಂಡತಿ ತೆಗೆದುಕೊಂಡರು. ಎರಡನೆಯದನ್ನೂ ಮೂರನೆಯದನ್ನೂ ಅವ್ವ ಹಟ ಹಿಡಿದು ಕೂಗಿ ಗೆದ್ದಳು. ಅಲ್ಲಿಗೆ ಸೆರಗಿನ ಗಂಟು ಬರಿದಾಯಿತು. ಉಳಿದ ಮೂರನ್ನು ಉಪದೇಶಿಗಳು ಒಟ್ಟಿಗೆ ಕೂಗಿದರು. ಬೆಲೆ ಒಂದೊಂದೇ ಆಣೆ ಏರಿತು. ಅವ್ವ ಕೈಯಲ್ಲಿದ್ದ ಎರಡು ಮೊಟ್ಟೆ ನೋಡುತ್ತಾ ಕೂತಿದ್ದಳು. ಆಗ ಹಿಂದಿನಿಂದ ಅಪ್ಪನ ಧ್ವನಿ ಬಂತು. ಹರಾಜಿಗೆ ಎಂದೂ ನಿಲ್ಲದವನು ಅವನು. ತನ್ನ ಹಿತ್ತಲಿನ ಕುಂಬಳಕಾಯಿಯನ್ನು ಇನ್ನೊಬ್ಬರು ಹೊತ್ತುಕೊಂಡು ಹೋಗುವುದನ್ನು ನೋಡಲಾರೆ ಎಂದು ಆರಾಧನೆ ಮುಗಿದ ಕೂಡಲೇ ಮನೆಗೆ ಹೋಗುತ್ತಿದ್ದ. ಅವತ್ತು ಕೈಕಟ್ಟಿಕೊಂಡು ಚರ್ಚಿನ ಗೋಡೆಗೆ ಒರಗಿ ನಿಂತು ತನ್ನ ಒಂದು ದಿನದ ಪೂರ್ತಿ ಕೂಲಿಯನ್ನು ಒಂದೇ ಸಲಕ್ಕೆ ಕೂಗಿಬಿಟ್ಟ. ಉಪದೇಶಿಗಳು ಕನ್ನಡಕ ಮೇಲೆತ್ತಿ, ಇದು ನಿಮ್ಮ ಮನೆಯ ಮೊಟ್ಟೆಯೇ ಅಲ್ಲವೇನಪ್ಪ ದಾನಯ್ಯ ಎಂದರು.

“ನಮ್ಮನೇದಲ್ಲ ಸ್ವಾಮಿ, ದೇವ್ರುದು. ಅದ್ಕೇ ತಾನೆ ದುಡ್ಡು ಕೊಡ್ತಿರೋದು.”

ಇಡೀ ಸಭೆ ನಕ್ಕಿತು. ಅವ್ವ ನಗಲಿಲ್ಲ, ಸೆರಗಿನಿಂದ ಮೂಗು ಒರೆಸಿಕೊಂಡಳು. ಅಪ್ಪ ಎಷ್ಟೋ ಗೋಡೆ ಕಟ್ಟಿದ್ದಾನೆ, ಎಷ್ಟೋ ಮನೆಯವರು ಹೊಗಳಿದ್ದಾರೆ. ನನಗೆ ಅವನ ಮೇಲೆ ಅತಿ ಹೆಚ್ಚು ಹೆಮ್ಮೆಯೆನಿಸಿದ್ದು ಆ ಮಾತಿಗೆ. ಐದು ಮೊಟ್ಟೆ ತಂದೆವು, ಉಪದೇಶಿಗಳ ಹೆಂಡತಿಯೂ ತಮ್ಮದೊಂದನ್ನು ಮಸಿಯಿಂದ ಗುರುತು ಮಾಡಿ ತಂದುಕೊಟ್ಟರು, ಕಾವು ಕೊಡಲು ಊರಿನಲ್ಲಿ ಬೇರೆ ಕೋಳಿ ಇರಲಿಲ್ಲವಲ್ಲ. ನಮ್ಮ ಐದರಲ್ಲಿ ನಾಲ್ಕು ಒಡೆದು ಮರಿಯಾದವು. ಪರರ ಕೋಳಿಯಿಂದ ಕಾವು ಕೊಡಿಸಿದರೆ ಅರ್ಧ ಮರಿ ಆ ಕೋಳಿಯ ಒಡೆಯನಿಗೆ ಎಂಬುದು ನಮ್ಮ ಕಡೆಯ ಪದ್ಧತಿ. ಅವ್ವ ಪದ್ಧತಿ ಬಿಡಲಿಲ್ಲ, ಎರಡು ಮರಿಯ ಉಗುರು ಕತ್ತರಿಸಿದಳು. ಅಪ್ಪ ಈ ಸಲ ಹಾಸ್ಯ ಮಾಡಲಿಲ್ಲ, ಕತ್ತರಿ ತಂದುಕೊಟ್ಟ.

ಆದರೆ ಎರಡು ಮರಿಯಿಂದ ಯಾರೂ ಬೋರ್ಡಿಂಗ್ ಸೇರುವುದಿಲ್ಲ. ಜೂನ್ ಬಂತು, ಹೋಯಿತು. ಪೆಟ್ಟಿಗೆ ತರಲೇ ಇಲ್ಲ. ತುಮಕೂರಿನ ಬಸ್ಸು ರಸ್ತೆಯಲ್ಲಿ ಹೋಗುವ ಹೊತ್ತಿಗೆ ನಾನು ಬೇಕೆಂದೇ ಅಲ್ಲಿಗೆ ಹೋಗಿ ನಿಂತು, ಧೂಳು ಕುಡಿದು, ಮನೆಗೆ ಬಂದು ಇನ್ನು ಮೇಲೆ ನಾನು ಪ್ರಾರ್ಥನೆ ಮಾಡುವುದಿಲ್ಲ ಎಂದೆ. ಅವ್ವ ಬೈಯುತ್ತಾಳೆ ಎಂದುಕೊಂಡಿದ್ದೆ.

“ಬ್ಯಾಡ ಬುಡು. ನಿಂಗೆ ಮನಸ್ಸು ಬರೋಗಂಟ ನಿನ್ ಪಾಲಿಂದೂ ನಾನೇ ಮಾಡ್ತೀನಿ.”

ಆ ವರ್ಷವೆಲ್ಲ ನಾನೂ ಅವಳ ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿದೆ. ನನ್ನ ಹೆಬ್ಬೆರಳೂ ಕಿತ್ತಿತು. ಅಪ್ಪ ಸಿಟ್ಟಿನವನು, ಸಣ್ಣದಕ್ಕೂ ಮಾತು ಎಸೆಯುವವನು. ಆದರೆ ಸಾಬರು ಕೇಳಿದ ದಿನವೇ ಕೊಟ್ಟಿದ್ದರೆ ಎಂಬ ಮಾತನ್ನು ಆ ವರ್ಷದಲ್ಲಿ ಒಂದು ಸಲವೂ ಆಡಲಿಲ್ಲ. ನಾನು ಆಡಿದೆ, ಒಂದು ಸಲ, ಕೋಪದಲ್ಲಿ. ಅವ್ವ ತಲೆಯೆತ್ತದೆ ಸುಲಿಯುತ್ತಲೇ ಇದ್ದಳು. ನಮ್ಮ ಎರಡು ಮರಿ ಹೆಂಟೆಗಳಾದವು, ಉಪದೇಶಿಗಳ ಮನೆಯ ಮರಿ ಹುಂಜವಾಯಿತು, ಹೆಂಟೆಗಳು ಮೊಟ್ಟೆಯಿಟ್ಟು ಕಾವು ಕೂತವು, ಮುಂದಿನ ವರ್ಷದ ತೊಡಕಿಗೆ ಮೊದಲೇ ಅವ್ವ ಇದ್ದಬದ್ದ ಕೋಳಿಗಳನ್ನೆಲ್ಲ ಬಾಷಾ ಸಾಬರಿಗೆ ಅವರು ಹೇಳಿದ ಬೆಲೆಗೇ ಕೊಟ್ಟಳು. ಕಡಿಮೆ ಬಿದ್ದ ಹಣಕ್ಕೆ ಅಪ್ಪ ಕೊರಟಗೆರೆಯಲ್ಲಿ ಎರಡು ತಿಂಗಳು ಮನೆಗೆ ಬಾರದೆ ದುಡಿದ.

ಹೀಗೆ ಒಂದು ವರ್ಷ ತಡವಾಗಿ ನಾನೂ ಅವ್ವನೂ ತುಮಕೂರಿನ ಬೋರ್ಡಿಂಗಿನ ಆಫೀಸಿನಲ್ಲಿ ನಿಂತೆವು. ಹೊಸ ಪೆಟ್ಟಿಗೆಯ ಬಣ್ಣ ನನ್ನ ಕೈಗೆ ಅಂಟಿತ್ತು. ಅಲ್ಲಿನ ಮೇಟ್ರನ್ ಮೆಲುಮಾತಿನ ಹೆಂಗಸು. ಹೋದ ವರ್ಷ ಜಾಗ ಕೊಟ್ಟಿದ್ದರೂ ಹುಡುಗಿ ಯಾಕೆ ಬರಲಿಲ್ಲ ಎಂದು ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕಾಗಿತ್ತು. ಅದಕ್ಕಾಗಿಯೇ ಉಪದೇಶಿಗಳು ಕೊಟ್ಟಿದ್ದ ಕಾಗದವನ್ನು ಅವರು ಗಟ್ಟಿಯಾಗಿ ಓದಿದರು: ದೇವರ ಚಿತ್ತದಂತೆ ಕೋಳಿಗಳೆಲ್ಲ ರೋಗದಿಂದ ಸತ್ತ ಕಾರಣ ಈ ಕುಟುಂಬಕ್ಕೆ ಹಣ ಹೊಂದಿಸಲಾಗಲಿಲ್ಲ. ಅಯ್ಯೋ ಪಾಪ, ದೇವರ ಚಿತ್ತವಾದರೆ ಯಾರೇನು ಮಾಡುವುದು ಎಂದು ಪೆನ್ನು ತೆಗೆದರು. ನಾನು ಸರಿಯೆಂದು ತಲೆಯಾಡಿಸಿದೆ. ಒಳ್ಳೆಯ ಕಾಗದ, ಕೇಳಿದವರಿಗೆ ಮರುಕ ಬರುವಂಥದ್ದು. ಅವ್ವ ಮೇಜಿನ ಹತ್ತಿರಕ್ಕೆ ಹೋದಳು.

“ಅಂಗೆ ಬರೀಬ್ಯಾಡಿ ಅಮ್ಮಾರೇ. ಅದು ದೇವ್ರ ಚಿತ್ತ ಅಲ್ಲ. ಮಾರ್ಬುಡು ಅಂತ ಮೊದ್ಲೇ ಹೇಳಿದ್ರು. ತೊಡಕಿಗೆ ಬೆಲೆ ಬರ್ಲಿ ಅಂತ ನಾನು ಕಾದೆ. ಅವ್ನೇ ನೋಡ್ಕತಾನೆ ಅಂತ ಬಾಯಲ್ಲಿ ಅಂದೆ, ಮನಸ್ನಲ್ಲಿ ದುಡ್ಡು ಎಣಿಸ್ತಿದ್ದೆ. ಈ ಮಗೀನ ಒಂದ್ ವರ್ಷ ಹೋಗಿದ್ದು ನನ್ನಿಂದ. ಅವನ ಮೇಲೆ ಹಾಕ್ಬ್ಯಾಡಿ.”

ಮೇಟ್ರನ್ ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟು, ಕಾರಣದ ಕಡೆ ಏನನ್ನೂ ಬರೆಯದೆ, ನನ್ನ ಹೆಸರು ಮಾತ್ರ ಬರೆದುಕೊಂಡರು. ಆ ವರ್ಷ ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವಳು ನಾನು. ಫೇಲಾಗಿದ್ದೆಯಾ ಎಂದು ಹುಡುಗಿಯರು ಸುತ್ತ ನಿಂತು ಕೇಳಿದರು. ಇಲ್ಲ, ನಮ್ಮವ್ವನಿಂದ ಒಂದು ವರ್ಷ ತಡವಾಯಿತು ಎಂದೆ. ತಲೆ ಎತ್ತಿಕೊಂಡೇ ಹೇಳಿದೆ.